ಪರಿಮಿತ ಸೆಮಿಗ್ರೂಪುಗಳೂ ಅವುಗಳ ನಿಯಮಗಳೂ

ಒಂದು ಗಣದ ಯಾವ ಎರಡು ಅಂಶಗಳನ್ನು ಗುಣಿಸಿದರೂ ಆ ಗಣದ ಅಂಶವೇ ದೊರೆತು, ಆ ಗುಣಾಕಾರವು ಸಹವರ್ತನೀಯ ನಿಯಮವನ್ನು ಪಾಲಿಸಿದರೆ ಅದನ್ನು ಸೆಮಿಗ್ರೂಪ್ ಎನ್ನುತ್ತೇವೆ. ಅಂಶಗಳು ಪರಿಮಿತವಾಗಿದ್ದರೆ ಗುಣಾಕಾರವೆಲ್ಲವನ್ನೂ ಒಂದು ಕೋಷ್ಟಕದಲ್ಲಿ ಬರೆದಿಡಬಹುದು. ಹಾಗಾದರೆ ಅದರಲ್ಲಿ ಸತ್ಯವಾಗುವ ನಿತ್ಯಸಮೀಕರಣಗಳೆಲ್ಲವೂ ಪರಿಮಿತ ಸಂಖ್ಯೆಯ ನಿಯಮಗಳಿಂದ ಫಲಿಸುವುವೇ?

0 ಮತ್ತು 1ರ ಸಾಮಾನ್ಯ ಗುಣಾಕಾರವನ್ನು ಪರಿಶೀಲಿಸೋಣ. ಇಲ್ಲಿ ಕಖ = ಖಕ, ಕಕ = ಕ. ಇವುಗಳ ಬಲದಿಂದ ಯಾವ ಗುಣಲಬ್ಧದಲ್ಲಿಯೂ ಅಕ್ಷರಗಳನ್ನು ಕ್ರಮಪಡಿಸಿ ಪುನರುಕ್ತಿಯನ್ನು ನೀಗಬಹುದು. ಒಂದು ಅಕ್ಷರವು ಸಮೀಕರಣದ ಒಂದೇ ಪಾರ್ಶ್ವದಲ್ಲಿದ್ದರೆ, ಅದಕ್ಕೆ ಸೊನ್ನೆಯನ್ನೂ ಉಳಿದವಕ್ಕೆ ಒಂದನ್ನೂ ಆದೇಶಿಸಿದೊಡನೆ ಸಮತೆ ಕೆಡುತ್ತದೆ. ಆದುದರಿಂದ, ಸಹವರ್ತನೀಯ ನಿಯಮದೊಡನೆ ಈ ಎರಡೇ ಸಾಕು.

ಪ್ರತಿಯೊಂದು ಪರಿಮಿತ ಗ್ರೂಪಿಗೂ ಪರಿಮಿತ ನಿಯಮಗಳು ಸಾಕೆಂದು ಶೀಲಾ ಓಟ್ಸ್ ಮತ್ತು ಪವೆಲ್ 1964ರಲ್ಲಿ ಸಾಧಿಸಿದರು. ಆದರೆ ಸೆಮಿಗ್ರೂಪಿನ ಅಂಶಗಳಿಗೆ ವಿಲೋಮವಿರಬೇಕೆಂಬ ನಿರ್ಬಂಧವಿಲ್ಲ. ಅಲ್ಲಿ ಫಲಿತವೂ ಬೇರೆ. ಎರಡು ಸಾಲು, ಎರಡು ಕಂಬಗಳ ಆರು ಮಾತೃಕೆಗಳನ್ನು ತೆಗೆದುಕೊಳ್ಳೋಣ: ಎಲ್ಲೆಡೆ ಸೊನ್ನೆಯುಳ್ಳದ್ದು, ಏಕಕ ಮಾತೃಕೆ, ಒಂದೇ ಸ್ಥಾನದಲ್ಲಿ 1 ಇರುವ ನಾಲ್ಕು. ಇವುಗಳ ನಿಯಮಗಳಲ್ಲಿ ಎಷ್ಟನ್ನೇ ಪಟ್ಟಿಮಾಡಿದರೂ, ಪಟ್ಟಿ ಪರಿಮಿತವಾಗಿರುವವರೆಗೆ, ಅದರಿಂದ ಫಲಿಸದ ಮತ್ತೊಂದು ಸತ್ಯ ನಿಯಮ ಉಳಿದೇ ಇರುತ್ತದೆಂದು ಪರ್ಕಿನ್ಸ್ 1969ರಲ್ಲಿ ತೋರಿಸಿದರು.

ಐದು ಅಥವಾ ಕಡಿಮೆ ಅಂಶಗಳಿರುವಲ್ಲಿ ಈ ವೈಚಿತ್ರ್ಯ ಸಂಭವಿಸದೆಂದು ಈಗ ತಿಳಿದಿದೆ. ಸಾಮಾನ್ಯ ಪರಿಮಿತ ಬೀಜವ್ಯವಸ್ಥೆಗಳಲ್ಲಿ ಇದನ್ನು ನಿರ್ಣಯಿಸುವ ಸಾರ್ವತ್ರಿಕ ಕ್ರಮವೇ ಇಲ್ಲವೆಂದು ಮೆಕೆನ್ಜಿ 1996ರಲ್ಲಿ ಸಿದ್ಧಪಡಿಸಿದರು. ಸೆಮಿಗ್ರೂಪುಗಳ ಮಟ್ಟಿಗೆ ಅಂತಹ ಕ್ರಮವುಂಟೇ ಎಂಬುದು ಇನ್ನೂ ಬಗೆಹರಿಯದ ಪ್ರಶ್ನೆ. ಕೋಷ್ಟಕವು ಪರಿಮಿತವೆಂದ ಮಾತ್ರಕ್ಕೆ ಅದರ ನಿಯಮಗಳೂ ಪರಿಮಿತವೆಂದು ನಾವು ಭಾವಿಸಲಾಗದು.