ದಕ್ಷಿಣಕ್ಕೆ ನಡೆದಷ್ಟೂ ಭೂಮಿಯ ಆಳಕ್ಕೆ

ರಾಮನಗರದ ಬೆಟ್ಟಗಳನ್ನು ಸಿನಿಮಾದಲ್ಲಿ ಕಂಡವರು ಬಹಳ ಮಂದಿ. ಬಂಡೆಯ ಹತ್ತಿರ ಹೋಗಿ ಕಲ್ಲನ್ನೇ ನೋಡಿದವರು ಕಡಿಮೆ. ಹೊಸದಾಗಿ ಒಡೆದ ಮೈಯಲ್ಲಿ ಹೆಬ್ಬೆರಳ ಗಾತ್ರದ ನಸುಗೆಂಪು ಹರಳುಗಳು ಕಾಣುತ್ತವೆ. ಅವು ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್. ಸುತ್ತಲೂ ಗಾಜಿನಂಥ ಬೆಣಚು, ಬೆಳ್ಳನೆಯ ಪ್ಲಾಜಿಯೊಕ್ಲೇಸ್, ಅಲ್ಲಲ್ಲಿ ಕಪ್ಪು ಅಭ್ರಕದ ಚುಕ್ಕೆ. ನೆಲದಾಳದಲ್ಲಿ ಶಿಲಾಪಾಕ ಬಹಳ ನಿಧಾನವಾಗಿ ಆರಿದ್ದರಿಂದಲೇ ಹರಳುಗಳು ಇಷ್ಟು ದಪ್ಪಗೆ ಬೆಳೆದವು.

ಇದೇ ಕ್ಲೋಸ್‌ಪೇಟೆ ಗ್ರಾನೈಟ್. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಅವರಿಂದ ರಾಮನಗರಕ್ಕೆ ಬಂದಿದ್ದ ಹೆಸರು ಊರನ್ನು ಬಿಟ್ಟರೂ ಕಲ್ಲನ್ನು ಬಿಡಲಿಲ್ಲ. ವಯಸ್ಸು ಸುಮಾರು 250 ಕೋಟಿ ವರ್ಷ. ಕನಕಪುರದ ಕಡೆಯಿಂದ ಮಾಗಡಿ, ತುಮಕೂರು, ಪಾವಗಡದ ಸೀಮೆ ಹಾದು ಬಳ್ಳಾರಿಯತ್ತ ಸಾಗುವ ಈ ಪಟ್ಟಿ ಸುಮಾರು 400 ಕಿ.ಮೀ. ಉದ್ದವಿದೆ. ಅಗಲ ಮಾತ್ರ 20-30 ಕಿ.ಮೀ.

ಮಾರುಕಟ್ಟೆಯಲ್ಲಿ ಪಾಲಿಶ್ ಹಿಡಿಯುವ ಗಟ್ಟಿ ಕಲ್ಲೆಲ್ಲ ಗ್ರಾನೈಟೇ. ಅಡುಗೆಮನೆಯ ಕಟ್ಟೆಗೆ ಹಾಕಿಸುವ ಚಾಮರಾಜನಗರದ ಕಪ್ಪು ಕಲ್ಲು ನಿಜಕ್ಕೂ ಡಾಲರೈಟ್. ಅದರ ಕುಲವೇ ಬೇರೆ. ಭೂವಿಜ್ಞಾನಿಗಳ ಲೆಕ್ಕ ಬಿಗಿಯಾದದ್ದು. ಬೆಣಚು ಮತ್ತು ಫೆಲ್ಡ್‌ಸ್ಪಾರ್‌ಗಳ ಒಟ್ಟು ಮೊತ್ತದಲ್ಲಿ ಬೆಣಚು ನೂರಕ್ಕೆ 20ರಿಂದ 60 ಇದ್ದರೆ ಕಲ್ಲು ಈ ಬಳಗಕ್ಕೆ ಸೇರುತ್ತದೆ. ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಧಾರಾಳವಾಗಿದ್ದರೆ ಗ್ರಾನೈಟ್, ಪ್ಲಾಜಿಯೊಕ್ಲೇಸ್ ಕೈ ಮೇಲಾದರೆ ಗ್ರಾನೊಡಯೊರೈಟ್, ಬಹುತೇಕ ಅದೊಂದೇ ಇದ್ದರೆ ಟೊನಲೈಟ್.

ಈ ವಿಂಗಡಣೆಯ ಹಿಂದೆ ಹುಟ್ಟಿನ ಕಥೆಯಿದೆ. ಭೂಮಿಯ ಎಳವೆಯಲ್ಲಿ ನೀರಿನಂಶವಿದ್ದ ಬಸಾಲ್ಟ್ ಆಳದಲ್ಲಿ ಅರೆಬರೆ ಕರಗಿ ಟೊನಲೈಟ್ ಬಗೆಯ ಶಿಲೆಗಳಾದವು. ಅವು ಒತ್ತಡಕ್ಕೆ, ಕಾವಿಗೆ ಸಿಕ್ಕಿ ಕಪ್ಪು-ಬಿಳಿ ಪಟ್ಟೆಗಳ ನೈಸ್ ಆಗಿ ಮಾರ್ಪಟ್ಟವು. ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವುದು ಅಂಥ ಬಂಡೆಯ ಮೇಲೆ. ಅದಕ್ಕೆ ಸುಮಾರು 300 ಕೋಟಿ ವರ್ಷ. ಮುಂದೆ ಇಂಥ ನೈಸ್ ಮತ್ತೆ ಕರಗಿ, ಇನ್ನೂ ಕೆಳಗಿನ ಮ್ಯಾಂಟಲ್‌ನಿಂದ ಏರಿಬಂದ ಪಾಕದೊಡನೆ ಬೆರೆತಾಗ ಕ್ಲೋಸ್‌ಪೇಟೆ ಗ್ರಾನೈಟ್ ಹುಟ್ಟಿತು.

ನನಗೆ ಅತ್ಯಂತ ಬೆರಗಿನದೆನಿಸುವ ಸಂಗತಿ ಇನ್ನೊಂದಿದೆ. ನಮ್ಮ ಸೀಮೆಯ ನೆಲ ಉತ್ತರಕ್ಕೆ ವಾಲಿದೆ. ದಕ್ಷಿಣ ಎದ್ದು, ಸವೆದು, ಒಂದು ಕಾಲಕ್ಕೆ ಬಹು ಆಳದಲ್ಲಿದ್ದ ಪದರಗಳು ಅಲ್ಲಿ ಬಯಲಾಗಿವೆ. ಹಾಗಾಗಿ ಬಳ್ಳಾರಿಯ ಕಡೆ ಕಾಣುವುದು ಈ ಗ್ರಾನೈಟ್ ಮೇಲೇರಿ ನಿಂತ ತಾಣ. ಕನಕಪುರದ ಬಳಿ ಕಾಣುವುದು ಅದರ ಬೇರು.

ಆ ಬೇರಿನ ಜಾಗ ಕಬ್ಬಾಳುದುರ್ಗ. ಬೆಟ್ಟದ ಬುಡದ ಕ್ವಾರಿಯಲ್ಲಿ ಬೂದು ನೈಸ್ ಇದೆ, ಅದರೊಳಗೆ ಹೆಣೆದುಕೊಂಡ ನಸುಗೆಂಪು ಗ್ರಾನೈಟ್ ಎಳೆಗಳಿವೆ. ಅವೆರಡನ್ನೂ ಲೆಕ್ಕಿಸದೆ ಹರಡಿದ, ಎಣ್ಣೆ ಸವರಿದಂತೆ ಮಿನುಗುವ ಕಡುಹಸಿರು ಮಚ್ಚೆಗಳೂ ಇವೆ. ಆ ಮಚ್ಚೆಗಳೇ ಚಾರ್ನೊಕೈಟ್. ನೈಸ್‌ನ ಪಟ್ಟೆ ಮಚ್ಚೆಯ ಅಂಚಿನವರೆಗೆ ಸ್ಪಷ್ಟವಾಗಿ ಬಂದು, ಒಳಗೆ ಮಸುಕಾಗುತ್ತದೆ. ಒಂದೇ ಕಲ್ಲು ಇನ್ನೊಂದಾಗುತ್ತಿದ್ದ ಹೊತ್ತಿನಲ್ಲೇ ಪ್ರಕ್ರಿಯೆ ನಿಂತುಹೋಗಿದೆ. ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ಇದನ್ನು 'ನೇಚರ್' ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತಿನ ಶಿಲಾತಜ್ಞರು ಇಲ್ಲಿಗೆ ಬರತೊಡಗಿದರು.

ಮುಂದೆ ಮೈಸೂರು ವಿಶ್ವವಿದ್ಯಾಲಯದ ಎ.ಎಸ್. ಜನಾರ್ದನ್ ಮತ್ತು ಅಮೆರಿಕದ ಸಹಸಂಶೋಧಕರು ಕಾರಣವನ್ನು ಬಿಡಿಸಿದರು. ಸುಮಾರು 700 ಡಿಗ್ರಿ ಸೆಲ್ಸಿಯಸ್ ಮೀರಿದ ಕಾವಿನಲ್ಲಿ, ಹದಿನೈದು-ಇಪ್ಪತ್ತು ಕಿ.ಮೀ. ಆಳದಲ್ಲಿ, ಇಂಗಾಲದ ಡೈಆಕ್ಸೈಡ್ ತುಂಬಿದ ದ್ರವ ಬಿರುಕುಗಳಲ್ಲಿ ನುಸುಳಿ ಕಲ್ಲಿನ ನೀರಿನಂಶವನ್ನು ತಗ್ಗಿಸಿತು. ನೀರನ್ನು ಹಿಡಿದಿಟ್ಟುಕೊಂಡಿದ್ದ ಅಭ್ರಕ, ಹಾರ್ನ್‌ಬ್ಲೆಂಡ್ ಒಡೆದು ಹೈಪರ್‌ಸ್ಥೀನ್ ಎಂಬ ಒಣ ಖನಿಜ ಮೂಡಿತು. ಹರಳುಗಳೊಳಗೆ ಸೆರೆಸಿಕ್ಕ ಆ ಅನಿಲದ ಸೂಕ್ಷ್ಮ ಗುಳ್ಳೆಗಳು ಇದಕ್ಕೆ ಸಾಕ್ಷಿ.

ಈ ಪುಟವನ್ನು ತೆರೆದು ತೋರಿಸಿದ್ದು ಕ್ವಾರಿಯೇ. ಮಳೆಗಾಳಿಗೆ ಮಾಸಿದ ಬಂಡೆಯಲ್ಲಿ ಇಷ್ಟು ನಿಚ್ಚಳವಾಗಿ ಏನೂ ಕಾಣದು. ಆದರೆ ತೋರಿಸಿದ ಕೈಯೇ ಅದನ್ನು ಜಲ್ಲಿಯಾಗಿಸಬಲ್ಲದು. ಲಾಲ್‌ಬಾಗ್ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮನ್ನಣೆ ಇದೆ. ಅಂಥದೇ ರಕ್ಷಣೆ ಕಬ್ಬಾಳುದುರ್ಗದ ಬುಡದ ಆ ಕಲ್ಲುಗೋಡೆಗೂ ಬೇಕು. ಕಬ್ಬಾಳಮ್ಮನ ದರ್ಶನಕ್ಕೆ ಹೋಗುವವರು ಅಲ್ಲೊಮ್ಮೆ ನಿಂತು ನೋಡಿ, ಮಕ್ಕಳಿಗೂ ತೋರಿಸಿ.