ನಾಯಿಯ ಉಣ್ಣಿ, ಮನುಷ್ಯನ ಜ್ವರ



ಉಣ್ಣಿಯ ಜ್ವರವೆಂದರೆ ನಮ್ಮವರಿಗೆ ಕಾಡು, ಸತ್ತ ಮಂಗ ನೆನಪಾಗುವುದು ಸಹಜ. ಅಮೆರಿಕದ ಅರಿಜೋನಾ ಪ್ರಾಂತದ ಮೂಲನಿವಾಸಿಗಳಿಗೆ ಬಂದ ಕಷ್ಟವೇ ಬೇರೆ. ಅಲ್ಲಿ ರೋಗ ತಂದ ಉಣ್ಣಿ ಇದ್ದುದು ಅಂಗಳದ ನಾಯಿಯ ಮೈಮೇಲೆ.

ಈ ಜ್ವರಕ್ಕೆ ರಾಕಿ ಪರ್ವತದ ಚುಕ್ಕೆಜ್ವರವೆಂದು ಹೆಸರು. ಬ್ಯಾಕ್ಟೀರಿಯವೆಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ. 2003ರಿಂದ 2012ರವರೆಗೆ ಆ ಜನರ ಊರುಗಳಲ್ಲಿ 250ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು. 19 ಮಂದಿ ತೀರಿಕೊಂಡರು. ಮದ್ದಿಲ್ಲವೆಂದಲ್ಲ! ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆಯನ್ನು ಜ್ವರ ಬಂದ ಐದು ದಿನದೊಳಗೆ ಕೊಡತೊಡಗಿದರೆ ರೋಗಿ ಬಹುಮಟ್ಟಿಗೆ ಉಳಿಯುತ್ತಾನೆ. ಆದರೆ ಮೊದಮೊದಲು ಕಾಣುವುದು ಜ್ವರ, ತಲೆನೋವು, ಮೈಕೈ ನೋವು ಅಷ್ಟೆ. ಚುಕ್ಕೆ ಏಳುವುದು ತಡವಾಗಿ. ಕೆಲವರಿಗೆ ಏಳುವುದೇ ಇಲ್ಲ. ಅದಕ್ಕಾಗಿ ಕಾದರೆ ಹೊತ್ತು ಮೀರುತ್ತದೆ.

2012ರಲ್ಲಿ ಅಲ್ಲಿನ ಒಂದು ಊರಿನಲ್ಲಿ 500ಕ್ಕೂ ಹೆಚ್ಚು ಮನೆಗಳಿಗೆ ಔಷಧಿ ಸಿಂಪಡಿಸಿ, ನಾಯಿಗಳಿಗೆ ಉಣ್ಣಿ ಕೊಲ್ಲುವ ಕೊರಳಪಟ್ಟಿ ಕಟ್ಟಲಾಯಿತು. ಬಳಿಕ ಅಲ್ಲಿ ಉಣ್ಣಿ ಕಂಡದ್ದು ನೂರಕ್ಕೆ ಒಂದು ನಾಯಿಯಲ್ಲಿ. ಪಟ್ಟಿ ಕಟ್ಟದ ನೆರೆಯೂರಿನಲ್ಲಿ ನೂರಕ್ಕೆ 64ರಲ್ಲಿ.

ಅದೇ ಜಾತಿಯ ಕಂದು ಉಣ್ಣಿ ನಮ್ಮ ನಾಯಿಗಳಲ್ಲೂ ಉಂಟು. ಉಣ್ಣಿಯಿಂದ ಚುಕ್ಕೆಜ್ವರ ಬರುವುದು ನಮ್ಮ ನಾಡಿನಲ್ಲೂ ಉಂಟು. ಗೋಡೆಯ ಬಿರುಕಿನಲ್ಲಿ ಅದು ಮೊಟ್ಟೆಯಿಡುತ್ತದೆ, ಬಿರುಕುಗಳನ್ನು ಮೆತ್ತಿರಿ. ಮೈಗೆ ಕಚ್ಚಿದ ಉಣ್ಣಿಯನ್ನು ಉಗುರಿನಿಂದ ಹಿಸುಕದೆ, ಸಣ್ಣ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಆಮೇಲೆ ಜ್ವರ ಬಂದರೆ, ಉಣ್ಣಿ ಕಚ್ಚಿತ್ತೆಂದು ವೈದ್ಯರಿಗೆ ನೀವಾಗಿಯೇ ಹೇಳಿರಿ. ಅವರು ಕೇಳಲೆಂದು ಕಾಯಬೇಡಿರಿ.