ಹೊಸ ತಳಿಗೆ ಬೇಕಾದ ಪುರುಸೊತ್ತು

ನೌಕರನೊಬ್ಬನು ತನ್ನ ಕೆಲಸದಲ್ಲಿ ಹೊಸದೊಂದನ್ನು ಯೋಚಿಸಿ, ಅದಕ್ಕೆ ಜೊತೆಗಾರರ ಮತ್ತು ಮೇಲಧಿಕಾರಿಗಳ ಒಪ್ಪಿಗೆ ಗಳಿಸಿ, ಕೊನೆಗೆ ಬಳಕೆಗೆ ತರುವ ನಡವಳಿಕೆಯನ್ನು ಆಡಳಿತಶಾಸ್ತ್ರಜ್ಞರು ನಾವೀನ್ಯಶೀಲ ಕಾರ್ಯವರ್ತನೆ ಎಂದು ಕರೆಯುತ್ತಾರೆ. ಈ ಮೂರು ಹಂತಗಳಲ್ಲಿ ಮೊದಲನೆಯದು ನೌಕರನ ತಲೆಯೊಳಗೇ ನಡೆದುಹೋಗಬಹುದು. ಉಳಿದೆರಡಕ್ಕೆ ಸಂಸ್ಥೆಯ ಆಸರೆ ಬೇಕು, ಅದಕ್ಕಿಂತ ಹೆಚ್ಚಾಗಿ ಕಾಲಾವಕಾಶ ಬೇಕು.

ಚಿಕ್ಕಜಾಲದಿಂದ ಬಳ್ಳಾರಿ ರಸ್ತೆಯಲ್ಲಿ ಬೆಂಗಳೂರಿನ ಹೆಬ್ಬಾಳದ ಕಡೆಗೆ ಬರುವಾಗ ಸಿಗುವ ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯದ ಚರಿತ್ರೆ ಇದಕ್ಕೆ ಒಳ್ಳೆಯ ನಿದರ್ಶನ. ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1964ರಲ್ಲಿ. ಅದಕ್ಕೂ ಮೊದಲಿನಿಂದಲೇ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿಯ ಸಂಶೋಧನೆಯಲ್ಲಿ ತೊಡಗಿದ್ದ ಸಿ. ಎಚ್. ಲಕ್ಷ್ಮಣಯ್ಯನವರು ಭಾರತದ ತಳಿಗಳನ್ನು ಆಫ್ರಿಕಾದ ತಳಿಗಳೊಂದಿಗೆ ಕೂಡಿಸಿ ಇಂಡಾಫ್ ಸರಣಿಯನ್ನು ರೂಪಿಸಿದರು. ರಾಗಿಯ ಹೂವು ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕದು, ಅದರಲ್ಲೂ ತನ್ನ ಪರಾಗದಿಂದ ತಾನೇ ಕಾಳುಕಟ್ಟುವ ಜಾತಿಯದು. ಆದ್ದರಿಂದ ಎರಡು ತಳಿಗಳ ತೆನೆಗಳನ್ನು ಒತ್ತಾಗಿ ಕಟ್ಟಿ, ಚೀಲ ಮುಚ್ಚಿ, ಪರಾಗ ತಾನಾಗಿ ದಾಟಲೆಂದು ಕಾಯುವ ಪದ್ಧತಿಯೊಂದು ಬಳಕೆಯಲ್ಲಿದೆ. ಹೀಗೆ ಸಿಕ್ಕ ಬೀಜದಲ್ಲಿ ಬಹುಪಾಲು ತಾಯಿಯದೇ ಸಂತಾನವಾಗಿರುವುದರಿಂದ, ತಾಯಿ ಹಸಿರು ಬಣ್ಣದ್ದು, ತಂದೆ ನೇರಳೆ ಛಾಯೆಯದು ಇರುವಂತೆ ಆರಿಸಿಕೊಂಡು, ಮರುಬಿತ್ತನೆಯಲ್ಲಿ ನೇರಳೆ ಕಾಣಿಸಿದ ಗಿಡಗಳನ್ನಷ್ಟೇ ನಿಜವಾದ ಸಂಕರವೆಂದು ಉಳಿಸಿಕೊಳ್ಳುತ್ತಾರೆ. ಆ ಮೇಲೆ ಹಲವು ತಲೆಮಾರುಗಳ ಆಯ್ಕೆ, ಬೇರೆ ಬೇರೆ ಊರುಗಳ ಪ್ರಯೋಗ, ರೈತರ ಹೊಲದ ಪರೀಕ್ಷೆ ಮುಗಿದು ತಳಿ ಬಿಡುಗಡೆಯಾಗುವಷ್ಟರಲ್ಲಿ ಹತ್ತು ವರ್ಷ ಹಿಡಿದರೂ ಆಶ್ಚರ್ಯವಿಲ್ಲ.

ಇಂಥ ಕೆಲಸಕ್ಕೆ ಅಂಕಗಳ ಮೇಲೆ ನಿಂತ ಬಡ್ತಿಯ ಲೆಕ್ಕಾಚಾರ ಹೊಂದಿಕೊಳ್ಳುವುದು ಕಷ್ಟ. ಸಾಮಾನ್ಯ ವಿಶ್ವವಿದ್ಯಾಲಯಗಳಿಗೆ ಯುಜಿಸಿ 2010ರಲ್ಲಿ ತಂದ ಎಪಿಐ, ಅಂದರೆ ಅಧ್ಯಾಪಕರ ಪಾಠ, ಪ್ರಬಂಧ, ವಿಚಾರಸಂಕಿರಣಗಳಿಗೆ ಅಂಕ ಕೊಟ್ಟು ಅಳೆಯುವ ಪದ್ಧತಿ, ಎಣಿಸಬಲ್ಲದ್ದಕ್ಕೆ ಬೆಲೆ ಕಟ್ಟಿತು. ಅಂಕಗಳಿಂದ ಸೋಮಾರಿಗಳು ಎಚ್ಚೆತ್ತಿರಬಹುದು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬೇಗ ಮುಗಿಯುವ ಪ್ರಬಂಧವೊಂದು ಕೈಗೆಟಕುವಾಗ, ಐದನೆಯ ವರ್ಷದಲ್ಲಿ ಸೋಲಬಹುದಾದ ಪ್ರಯೋಗಕ್ಕೆ ಕೈಹಾಕುವ ಕಿರಿಯ ಅಧ್ಯಾಪಕರು ಅಪರೂಪವಾಗುವುದು ಸಹಜ.

ಒಪ್ಪಿಗೆ ಗಳಿಸುವ ಎರಡನೆಯ ಹಂತದ ಕಷ್ಟ ಭತ್ತದಲ್ಲಿ ಎದ್ದು ಕಾಣುತ್ತದೆ. ಗದ್ದೆಯಲ್ಲಿ ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಭತ್ತಕ್ಕೆಂದು ಇದೇ ವಿಶ್ವವಿದ್ಯಾಲಯ 2007ರಲ್ಲಿ ಎಂ.ಎ.ಎಸ್. 946-1 ತಳಿಯನ್ನು ಬಿಡುಗಡೆ ಮಾಡಿದಾಗ, ನಾಟಿ ಮಾಡುವ ರೈತನ ಅಭ್ಯಾಸವನ್ನೂ ಬದಲಿಸಬೇಕಾಗಿತ್ತು. ಜಿಕೆವಿಕೆಯ ಕೃಷಿಮೇಳದಲ್ಲಿ ತಾಕಿನ ಪಕ್ಕ ನಿಂತು ಕಳೆ ಹೇಗೆ, ಬೀಜದ ದರವೆಷ್ಟು, ಮಾರಿದರೆ ಗಿಟ್ಟುತ್ತದೆಯೇ ಎಂದು ಕೇಳುವ ರೈತರಿಗೆ ಉತ್ತರ ಕೊಡುವ ಹೊತ್ತು ಯಾವ ಅಂಕಪಟ್ಟಿಯಲ್ಲೂ ದೊಡ್ಡದಾಗಿ ಕಾಣುವುದಿಲ್ಲ. ವಿಭಾಗಗಳು ಆ ಹೊತ್ತನ್ನೂ ಕೆಲಸವೆಂದೇ ಲೆಕ್ಕಕ್ಕೆ ಹಿಡಿಯಬೇಕು. ಸೋತ ಸಂಕರಗಳ ದಾಖಲೆಯನ್ನು ವಾರ್ಷಿಕ ವರದಿಯಲ್ಲಿ ಸೇರಿಸಿ, ಪ್ರಯೋಗದ ತಾಕು ಮತ್ತು ಹೊಲದ ಆಳುಗಳ ಕೂಲಿಯನ್ನು ಯೋಜನೆಯ ಅವಧಿ ಮುಗಿದರೂ ನಿಲ್ಲಿಸದೆ ನಡೆಸಬೇಕು.